ನೀರಗಂಟಿಯ ಗೋಡೆ

ಅವತ್ತು ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಬಂದರೆ ನನ್ನ ಮನೆಯ ಗೋಡೆ ಖಾಲಿ. ಒಂದಕ್ಷರವಿಲ್ಲ. ಹಿಂದಿನ ದಿನ ಬಳಿಸಿದ್ದ ಸುಣ್ಣ ಬೆಳ್ಳಗೆ ನನ್ನನ್ನೇ ನೋಡಿ ಹಲ್ಲು ಕಿಸಿಯುತ್ತಿತ್ತು. ನಾನು ಬರೆಯಲು ಶುರು ಮಾಡಿದ ಹನ್ನೊಂದು ವರ್ಷದಲ್ಲಿ ಹಾಗಾದದ್ದು ಎರಡೇ ಸಲ. ಒಮ್ಮೆ ನಾನು ಟೈಫಾಯ್ಡ್ ಬಂದು ಮಲಗಿದ್ದಾಗ, ಇನ್ನೊಮ್ಮೆ ಅಮ್ಮ ತೀರಿಕೊಂಡಾಗ. ಆ ಎರಡು ಸಲವೂ ನಾನು ಏನೂ ಬರೆದಿರಲಿಲ್ಲ. ಆದರೆ ಹಿಂದಿನ ಸಂಜೆ ನಾನು ಬರೆದಿದ್ದೆ. ಹಲ್ಲು ಕಚ್ಚಿಕೊಂಡು ಬರೆದಿದ್ದೆ.

ನಮ್ಮೂರಿನವರಿಗೆ ಇದನ್ನು ಹೇಳುವ ಅಗತ್ಯವಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಇಲ್ಲಿ ಇಂಟರ್ನೆಟ್ಟಿನ ಊರ ಪುಟದಲ್ಲಿ ಯಾರು ಏನು ಕಾಮೆಂಟು ಹಾಕಿದರೂ ಬೆಳಕು ಹರಿಯುವಷ್ಟರಲ್ಲಿ ಅದು ಅವರ ಮನೆಯ ಮುಂಗೋಡೆಯ ಮೇಲೆ, ಅವರದೇ ಕೈಬರಹದಲ್ಲಿ, ಕಪ್ಪಗೆ ಮೂಡಿರುತ್ತದೆ. ಹೆಣ್ಣು ನೋಡಲು ಬರುವವರು ಕಾಫಿ ಕುಡಿಯುವ ಮೊದಲು ಗೋಡೆ ಓದುತ್ತಾರೆ. ಅಣ್ಣತಮ್ಮಂದಿರು ಪಾಲಾದಾಗ ಜಗಳ ಬಾವಿಗಿಂತ ಹೆಚ್ಚಾಗಿ ರಸ್ತೆ ಕಡೆಯ ಗೋಡೆ ಯಾರಿಗೆ ಎಂಬುದಕ್ಕೆ ನಡೆಯುತ್ತದೆ. ಬಾಯಿ ಹಿಡಿತದಲ್ಲಿ ಇಲ್ಲದವರು ಮಲ್ಲಿಗೆ ಬಳ್ಳಿ ಹಬ್ಬಿಸಿ ಮುಚ್ಚಿಕೊಳ್ಳಲು ನೋಡುತ್ತಾರೆ, ಅಕ್ಷರ ಎಲೆಯ ಮೇಲೆ ಬರುತ್ತದೆ. ಬುದ್ಧಿವಂತರು ಯಾರೇ ಏನೇ ಹಾಕಲಿ 'ಶುಭವಾಗಲಿ' ಎಂದಷ್ಟೇ ಬರೆದು ಗೋಡೆ ಸ್ವಚ್ಛವಾಗಿ ಇಟ್ಟುಕೊಂಡಿರುತ್ತಾರೆ.

ನನ್ನ ಗೋಡೆಗೆ ಮಾತ್ರ ವಾರಕ್ಕೆ ಎರಡು ಸಲ ಸುಣ್ಣ ಬೇಕಾಗುತ್ತಿತ್ತು. ನಾನು ಚಂಪಕ, ಬಸ್‌ಸ್ಟ್ಯಾಂಡ್ ಎದುರು ಫೋನ್ ರಿಪೇರಿ ಅಂಗಡಿ ಇಟ್ಟವಳು. ರೌಟರು, ವೈರು, ವೈರಸ್ಸು, ಯಾವ ಕಂಪನಿಯ ಫೋನು ಕದ್ದು ಕೇಳುತ್ತದೆ, ಯಾವ ಆ್ಯಪು ಹಾಕಿದರೆ ಮನೆ ಮಠ ಹಾಳು, ಇದೆಲ್ಲದರ ಬಗ್ಗೆ ಊರ ಪುಟದಲ್ಲಿ ಕೊನೆಯ ಮಾತು ನನ್ನದು. ಪುರಸಭೆಯವರು ಕಚೇರಿಗೆ ಹೊಸ ಕಂಪ್ಯೂಟರು ತಂದರೆ ಅದಕ್ಕೆ ಆರತಿ ಎತ್ತುವ ಮೊದಲು ನಾನು ಹತ್ತು ತಪ್ಪು ಹಿಡಿದು ಬರೆದಿರುತ್ತಿದ್ದೆ. ಪಕ್ಕದ ಮನೆಯ ಕೊಟ್ರಮ್ಮ ದಿನಾ ಬೆಳಿಗ್ಗೆ ರಂಗೋಲಿ ಹಾಕುತ್ತ ನನ್ನ ಗೋಡೆ ಓದಿ, "ಏನೇ ಚಂಪಿ, ಇವತ್ತು ಯಾರ ಚರ್ಮ ಸುಲಿದಿದ್ದೀಯ? ಸ್ವಲ್ಪ ದೊಡ್ಡದಾಗಿ ಬರಿಯೇ, ಕನ್ನಡಕ ಒಳಗಿದೆ" ಅನ್ನುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ನಾನು ಊರಿನ ಪರ ನಿಂತು ಹೊರಗಿನವರ ಜೊತೆ ಕಚ್ಚಾಡುತ್ತಿದ್ದೆ. ಅದು ಪಾಸ್‌ವರ್ಡಿನ ವಿಷಯ. ನಮ್ಮಲ್ಲಿ ಎಲ್ಲರದೂ ಒಂದೇ ಪಾಸ್‌ವರ್ಡು. ಊರಿನ ಹೆಸರು, ಅದರ ಮುಂದೆ ಒಂದು ಎರಡು ಮೂರು. ಅಧ್ಯಕ್ಷರದೂ ಅದೇ, ಹೂ ಮಾರುವವಳದೂ ಅದೇ, ನನ್ನದೂ ಅದೇ. ಯಾವನೋ ಪರವೂರಿನವನು 'ಕಂದೀಲು' ಎಂಬ ಹೆಸರಿಟ್ಟುಕೊಂಡು ನಮ್ಮ ಪುಟಕ್ಕೆ ಬಂದು ಬರೆದ: "ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಇರಲಿ. ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ. ಇಷ್ಟನ್ನು ಹೇಳಿಕೊಡಬೇಕಲ್ಲ ಎಂದು ನನಗೇ ನಾಚಿಕೆಯಾಗುತ್ತಿದೆ." ನಾನು ಬಿಡುತ್ತೇನೆಯೆ? "ನಿಮ್ಮೂರಿನ ಗೋಡೆಗಳು ಮೂಗ, ಅದಕ್ಕೆ ನಿಮಗೆ ಪಾಸ್‌ವರ್ಡು ಬೇಕು. ಇಲ್ಲಿ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬರೆದರೆ ಬರೆದವರ ಮನೆಯ ಗೋಡೆಯೇ ಬಾಯಿ ಬಿಡುತ್ತದೆ. ಬೀಗ ಬೇಕಾಗಿರುವುದು ಕಳ್ಳರಿರುವ ಊರಿಗೆ" ಎಂದು ಉತ್ತರ ಕೊಟ್ಟೆ. ತೊಂಬತ್ತನಾಲ್ಕು ಜನ ಹೆಬ್ಬೆರಳು ಒತ್ತಿದರು. ಆ ಮಾತನ್ನು ನಾನಾಗಲಿ ಆ ತೊಂಬತ್ತನಾಲ್ಕು ಜನವಾಗಲಿ ಒಂದು ದಿನವೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಪುಟದ ಮೇಲ್ತುದಿಯಲ್ಲಿ ಯಾರ ಹೆಸರು ತೆರೆದಿದೆ ಎಂದು ನೋಡುವ ಅಭ್ಯಾಸವೇ ನಮಗಿಲ್ಲ. ಬೆಳಿಗ್ಗೆ ಗೋಡೆ ಹೇಳುತ್ತದಲ್ಲ!

ಊರಿನಲ್ಲಿ ಅತ್ಯಂತ ಉಪಯೋಗದ ಗೋಡೆ ನೀರಗಂಟಿ ಹಾಲೇಶಣ್ಣನದು. ಮೂವತ್ತು ವರ್ಷದಿಂದ ಹೆಗಲ ಮೇಲೆ ಗಜದುದ್ದದ ಕಬ್ಬಿಣದ ಕೀಲಿ ಹೊತ್ತು ಬೀದಿ ಬೀದಿಗೆ ನೀರು ತಿರುಗಿಸುವವನು. ಟೈಪು ಮಾಡಲು ಬಾರದೆ ಪ್ರತಿದಿನ ನನ್ನ ಅಂಗಡಿಗೆ ಬಂದು, ಒಂದೇ ಬೆರಳಲ್ಲಿ ಅಕ್ಷರ ಹೆಕ್ಕಿ, ಮಾರನೆಯ ದಿನ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಎಂದು ಹಾಕಿ ಹೋಗುತ್ತಿದ್ದ. ಅವನು ಎದ್ದ ಮೇಲೆ ಲಾಗೌಟ್ ಒತ್ತುವವಳು ನಾನು. ಬೆಳಿಗ್ಗೆ ಹೆಂಗಸರು ಅವನ ಗೋಡೆಯ ಸೊಟ್ಟ ಅಕ್ಷರ ನೋಡಿ ಬಿಂದಿಗೆ ತೊಳೆಯುತ್ತಿದ್ದರು. ಅದನ್ನು ಬಿಟ್ಟು ಆ ಗೋಡೆಯ ಮೇಲೆ ಬೇರೆ ಮಾತು ಬಂದದ್ದೇ ಇಲ್ಲ.

ಹೀಗಿರುವಾಗ ಪುರಸಭೆ ಅಧ್ಯಕ್ಷ ಮುರಿಗೆಪ್ಪನವರು ಪಂಪ್‌ಹೌಸಿಗೆ ಇಂಟರ್ನೆಟ್ ಮೇಲೆ ನಡೆಯುವ ವಾಲ್ವು ತರಿಸಿದರು. ಫೋನಿನಲ್ಲಿ ಒತ್ತಿದರೆ ನೀರು ಬರುತ್ತದೆ, ಒತ್ತಿದರೆ ನಿಲ್ಲುತ್ತದೆ, ನೀರಗಂಟಿ ಬೇಕಿಲ್ಲ. ನಾನು ಹೋಗಿ ನೋಡಿದೆ. ವಾಲ್ವಿನ ಪೆಟ್ಟಿಗೆಗೆ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡೇ ಇದೆ, ಅದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆಯೇ ಅಂಟಿಸಿದ್ದಾರೆ. ಮನುಷ್ಯರಿಗಾದರೆ ಗೋಡೆ ಇದೆ, ವಾಲ್ವಿಗೆ ಯಾವ ಗೋಡೆ? ಪರವೂರಲ್ಲಿ ಕೂತವನೊಬ್ಬ ನಮ್ಮ ಕೊಡ ಖಾಲಿ ಮಾಡಬಹುದು. ಅಷ್ಟು ಹೇಳಿದ್ದಕ್ಕೆ ಪುಟದಲ್ಲಿ ನನ್ನ ಮೇಲೆ ಬಿದ್ದರು. 'ಊರು ಮುಂದೆ ಹೋಗುವಾಗ ಕಾಲು ಹಿಡಿದು ಎಳೆಯುವವಳು' ಎಂದರು. 'ಫೋನಿನ ಗಾಜು ಬದಲಾಯಿಸುವವಳಿಗೆ ಪಂಪಿನ ವಿಷಯ ಯಾಕೆ' ಎಂದರು.

ವಾಲ್ವು ಶುರುವಾಗುವ ಹಿಂದಿನ ಸಂಜೆ ಹಾಲೇಶಣ್ಣ ಅಂಗಡಿಗೆ ಬಂದ. ಹೆಗಲ ಮೇಲೆ ಕೀಲಿ ಇರಲಿಲ್ಲ. ಕಬ್ಬಿಣ ಹೊತ್ತು ಹೊತ್ತು ವಾಲಿದ್ದ ಹೆಗಲು ಹಾಗೇ ಒಂದು ಕಡೆ ವಾಲಿಕೊಂಡಿತ್ತು.

"ಕೂತ್ಕೋ ಅಣ್ಣ. ಇವತ್ತು ಏನು ಹಾಕೋದಿದೆ?"

"ಹಾಕೋದೇನಿದೆ ತಂಗಿ, ಹೋಗಿ ಬರ್ತೀನಿ ಅಂತ ಹೇಳಬೇಕಲ್ಲ. ಮೂವತ್ತು ವರ್ಷ ನೀರು ಕುಡಿಸಿದೀನಿ, ಹೇಳದೆ ಕೇಳದೆ ಎದ್ದು ಹೋಗೋಕಾಗುತ್ತಾ?"

ಕಾಲು ಗಂಟೆ ಕೂತು ಬೆರಳಲ್ಲಿ ಹೆಕ್ಕಿದ: 'ನಾಳೆಯಿಂದ ನೀರು ತಾನೇ ಬರುತ್ತದೆ. ತಡವಾಗಿದ್ದರೆ ಕ್ಷಮಿಸಿ.' ಎದ್ದು, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಹೊರಟ. ಅವನ ಕುರ್ಚಿ ಇನ್ನೂ ಬಿಸಿಯಿರುವಾಗಲೇ ಅದರಲ್ಲಿ ಕೂತೆ. ತೆರೆದಿದ್ದ ಪುಟದಲ್ಲಿ, ತೆರೆದಿದ್ದ ಹಾಗೆಯೇ, ಬಡಬಡ ಕುಟ್ಟಿದೆ: 'ಪಂಪ್‌ಹೌಸಿನ ವಾಲ್ವಿಗೆ ಹಾಕಿರುವುದು ಬೀಗವಲ್ಲ, ಬೀಗದ ಚಿತ್ರ. ನನ್ನ ಕೈಗೆ ಎರಡು ನಿಮಿಷ ಕೊಡಿ, ಇಡೀ ಊರಿನ ನೀರು ನಿಲ್ಲಿಸಿ ತೋರಿಸುತ್ತೇನೆ.' ಒತ್ತಿದೆ, ಕಂಪ್ಯೂಟರು ಆರಿಸಿದೆ, ಶಟರು ಎಳೆದೆ.

ಮಾರನೆಯ ಬೆಳಿಗ್ಗೆ ನನ್ನ ಗೋಡೆ ಖಾಲಿ.

ನಾನು ಇನ್ನೂ ಅಲ್ಲೇ ನಿಂತಿದ್ದೆ, ಕೊಟ್ರಮ್ಮ ಓಡುತ್ತ ಬಂದಳು. ರಂಗೋಲಿ ಬಟ್ಟಲು ಕೈಯಲ್ಲೇ ಇತ್ತು. "ಚಂಪಿ, ಹಾಲೇಶನ ಮನೆ ಹತ್ರ ಬಾರೇ ಬೇಗ. ಅವನಿಗೆ ತಲೆ ಕೆಟ್ಟಿದೆ ಕಣೆ, ಏನೇನೋ ಬರೆದುಬಿಟ್ಟಿದ್ದಾನೆ."

ಹೋಗುವಷ್ಟರಲ್ಲಿ ಬೀದಿ ತುಂಬ ಜನ. ಬಿಂದಿಗೆ ಹಿಡಿದ ಹೆಂಗಸರು, ಹಲ್ಲುಜ್ಜುವ ಕಡ್ಡಿ ಬಾಯಲ್ಲೇ ಇಟ್ಟುಕೊಂಡ ಗಂಡಸರು. ಗೋಡೆಯ ಮೇಲೆ ಮೊದಲು ಅವನ ವಿದಾಯದ ಮಾತು ಇತ್ತು. ಅದರ ಕೆಳಗೆ, ಅದೇ ಸೊಟ್ಟ ಅಕ್ಷರದಲ್ಲಿ, ಪ್ರತಿ ಸಾಲೂ ಕೊನೆಗೆ ಮೇಲಕ್ಕೇರುವ ಅದೇ ಬರಹದಲ್ಲಿ, ಬೀಗದ ಚಿತ್ರ, ಎರಡು ನಿಮಿಷ, ಇಡೀ ಊರಿನ ನೀರು.

ನನ್ನ ಮಾತು. ಒಂದೂ ಬಿಡದೆ ನನ್ನ ಮಾತು. ಆದರೆ ಅಕ್ಷರ ಅವನದು. ಪಕ್ಕದವಳ ಬಿಂದಿಗೆ ಹಿಡಿದುಕೊಂಡೆ. ನಾನು ಹೇಳಿದರೆ ಅದು ಎಚ್ಚರಿಕೆ, ಹೆಚ್ಚೆಂದರೆ ಜಂಬ. ಕೆಲಸ ಕಳಕೊಂಡ ನೀರಗಂಟಿ ಹೇಳಿದರೆ ಅದು ಬೆದರಿಕೆ. ಮತ್ತೆ ನಮ್ಮೂರಿನ ಕಟ್ಟಳೆ ಒಂದೇ ಸಾಲಿನದು: ಊರಿನ ನೀರಿಗೆ, ಬೆಳಕಿಗೆ, ದಾರಿಗೆ ಕೇಡು ಎಣಿಸಿದ ಮಾತು ಯಾರ ಗೋಡೆಯ ಮೇಲೆ ಬರುತ್ತದೋ ಅವರು ಸೂರ್ಯ ಮುಳುಗುವುದರೊಳಗೆ ಗಡಿಕಲ್ಲು ದಾಟಬೇಕು. ಮರಳಿ ಬರುವ ಹಾಗಿಲ್ಲ. ನನ್ನ ಬುದ್ಧಿ ಬಲಿತ ಮೇಲೆ ಹಾಗೆ ಎಂಟು ಜನ ಹೋಗಿದ್ದರು.

ಮುರಿಗೆಪ್ಪನವರು ಬಂದರು. ಕೆಟ್ಟ ಮನುಷ್ಯರಲ್ಲ. ಮುಖ ನೋಡಿದರೆ ಅವರಿಗೂ ಇದು ಬೇಡವಾಗಿತ್ತು ಎಂದು ಗೊತ್ತಾಗುತ್ತಿತ್ತು. "ಹಾಲೇಶಪ್ಪ, ಓದಪ್ಪ" ಅಂದರು. ಹೋಗುವವರು ತಮ್ಮ ಗೋಡೆಯನ್ನು ತಾವೇ ಓದಿ 'ಇದು ನನ್ನ ಮಾತು' ಎನ್ನಬೇಕು, ಅದು ಪದ್ಧತಿ.

ಹಾಲೇಶಣ್ಣ ಗೋಡೆಯನ್ನೇ ನೋಡುತ್ತಿದ್ದ. "ಅಕ್ಷರ ನಂದೇ ಸ್ವಾಮಿ. ಮಾತು ನಂದಲ್ಲ. ನಾನು ಕ್ಷಮಿಸಿ ಅಂದವನು, ಅದರ ಕೆಳಗೆ ಹಿಂಗೆ ಬರೀತೀನಾ?"

"ಗೋಡೆ ಸುಳ್ಳು ಹೇಳುತ್ತಾ?" ಹಿಂದಿನಿಂದ ಯಾರೋ ಕೇಳಿದರು.

"ಅದನ್ನ ಬರೆದಿದ್ದು ನಾನು!" ಎಂದು ಕೂಗಿದೆ. "ಅವನು ಎದ್ದು ಹೋದಮೇಲೆ ಅವನ ಖಾತೆ ತೆರೆದೇ ಇತ್ತು. ನಾನು ನೋಡಲಿಲ್ಲ. ನನ್ನ ಗೋಡೆ ಹೋಗಿ ನೋಡಿ, ಖಾಲಿ ಇದೆ."

ಜನ ನಕ್ಕರು. ದ್ವೇಷದ ನಗುವಲ್ಲ, ಮಗುವನ್ನು ನೋಡಿ ನಗುವ ನಗು. "ಖಾಲಿ ಇದೆ ಅಂದ್ರೆ ನೀನು ಬರೆದಿಲ್ಲ ಅಂತ ತಾನೆ ಅರ್ಥ?" ಅಂದ ಒಬ್ಬ. "ಅಣ್ಣ ಅಂತ ಕರೀತಾಳಲ್ಲ, ಉಳಿಸಿಕೊಳ್ಳೋಕೆ ನೋಡ್ತಿದ್ದಾಳೆ ಪಾಪ" ಅಂದಳು ಇನ್ನೊಬ್ಬಳು. ಕೊಟ್ರಮ್ಮ ಮಾತ್ರ ಗೋಡೆಗೆ ಮೂಗು ತಾಗಿಸಿ ಓದಿ, "ಮಾತಿನ ವರಸೆ ನಮ್ಮ ಚಂಪೀದೇ ಕಣ್ರೋ. ದಿನಾ ಓದೋಳು ನಾನು, ನನಗೆ ಗೊತ್ತಾಗಲ್ವಾ?" ಅಂದಳು. ಆಮೇಲೆ ತನ್ನ ಮಾತಿಗೆ ತಾನೇ ಹೆದರಿದವಳಂತೆ, "ಆದರೆ ಗೋಡೆ..." ಎಂದು ನಿಲ್ಲಿಸಿದಳು.

ಮುರಿಗೆಪ್ಪನವರು ನನ್ನ ಕಡೆ ತಿರುಗಿದರು. "ಏನಮ್ಮಾ ಚಂಪಕ, ಬರೆದ ಕೈ ಯಾರದು ಅಂತ ಗೋಡೆಗೆ ಗೊತ್ತು, ಇಲ್ಲಿ ಯಾರೂ ಯಾರ ಹೆಸರಲ್ಲೂ ಬರೆಯೋಕಾಗಲ್ಲ ಅಂತ ಆ ಕಂದೀಲಿನವನಿಗೆ ಉತ್ತರ ಕೊಟ್ಟವಳು ನೀನೇ ತಾನೆ? ನಾನೂ ಹೆಬ್ಬೆರಳು ಒತ್ತಿದ್ದೆ. ಮೇಷ್ಟ್ರು ಹೋದ ದಿನ ಅದೇ ಮಾತನ್ನ ಮೊದಲು ಹೇಳಿದವಳೂ ನೀನೇ."

ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ.

ಗುರುಶಾಂತ ಮೇಷ್ಟ್ರು ಹಳೆಯ ತೂಕದಮನೆಯಲ್ಲಿ ಭಾನುವಾರ ಭಾನುವಾರ ಓದುಬಳಗ ನಡೆಸುತ್ತಿದ್ದವರು. ಒಂದು ಪುಸ್ತಕ, ಹದಿನೈದು ಜನ, ಒಬ್ಬರು ಓದಿದರೆ ಉಳಿದವರು ಪ್ರಶ್ನೆ ಕೇಳಬೇಕು. ಪ್ರಶ್ನೆ ಕೇಳದವರಿಗೆ ಕಡಲೆಕಾಯಿ ಇಲ್ಲ. ನನ್ನ ಬಾಯಿ ಹರಿತವಾದದ್ದು ಅಲ್ಲಿ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಗೋಡೆಯ ಮೇಲೆ, ಅವರ ಮುತ್ತಿನಂಥ ಅಕ್ಷರದಲ್ಲಿ, 'ಈ ಊರಿನ ಕರೆಂಟು ಕಂಬಗಳಿಗೆ ಬೆಂಕಿ ಇಟ್ಟರೆ ಮಾತ್ರ ಇವರಿಗೆ ಬೆಳಕು ಕಂಡೀತು' ಎಂದು ಇತ್ತು. "ನಾನು ಬರೆದಿಲ್ಲ" ಎಂದರು ಮೇಷ್ಟ್ರು. ಊರ ಪುಟದಲ್ಲಿ ಎಲ್ಲರಿಗಿಂತ ಮೊದಲು ನಾನು ಬರೆದೆ: 'ಗೋಡೆ ಸುಳ್ಳು ಹೇಳುವುದಿಲ್ಲ ಮೇಷ್ಟ್ರೆ. ಬರೆದ ಮಾತಿಗೆ ನಿಲ್ಲುವುದನ್ನು ಕಲಿಸಿದವರು ನೀವೇ.' ಎಷ್ಟು ಚೆನ್ನಾಗಿ ಬರೆದೆ ಎಂದು ಅವತ್ತು ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಮಾರನೆಯ ಬೆಳಿಗ್ಗೆ ಅದನ್ನು ಗೋಡೆಯ ಮೇಲೆ ಇನ್ನೊಮ್ಮೆ ಓದಿಕೊಂಡಿದ್ದೆ.

ಎಲ್ಲರಿಗೂ ಒಂದೇ ಪಾಸ್‌ವರ್ಡು. ಹಾಗಾದರೆ ಮೇಷ್ಟ್ರ ಗೋಡೆಯ ಮೇಲೆ ಬಂದದ್ದು ಯಾರ ಮಾತು? ಉಳಿದ ಏಳು ಜನರದು? ಗೋಡೆಗೆ ಗೊತ್ತಿರುವುದು ಮನುಷ್ಯನಲ್ಲ, ಖಾತೆ ಮಾತ್ರ. ಇಷ್ಟು ವರ್ಷ ನಾವು ಖಾತೆಯನ್ನು ಕೇಳಿ ಮನುಷ್ಯರನ್ನು ಓಡಿಸಿದ್ದೆವು.

"ಅಧ್ಯಕ್ಷರೇ, ನನಗೆ ಒಂದು ರಾತ್ರಿ ಕೊಡಿ" ಅಂದೆ. "ಗೋಡೆ ಮಾತಾಡೋದು ಬೆಳಿಗ್ಗೇನೇ. ಇವತ್ತು ಸಂಜೆ ಎಲ್ಲರ ಕಣ್ಣೆದುರು ನಿಮ್ಮ ಖಾತೆಯಿಂದ ನಾನು ಒಂದು ಮಾತು ಬರೀತೀನಿ. ನಾಳೆ ಬೆಳಿಗ್ಗೆ ಅದು ನನ್ನ ಗೋಡೆ ಮೇಲೆ ಬಂದರೆ ಹಾಲೇಶಣ್ಣನ ಜೊತೆ ನಾನೂ ಗಡಿಕಲ್ಲು ದಾಟ್ತೀನಿ. ನಿಮ್ಮ ಗೋಡೆ ಮೇಲೆ ನಿಮ್ಮ ಅಕ್ಷರದಲ್ಲಿ ಬಂದರೆ ಅವನನ್ನ ಬಿಡಬೇಕು."

ಮುರಿಗೆಪ್ಪನವರು ನಕ್ಕರು. ಪೂರ್ತಿ ನಂಬಿಕೆ ಇರುವವರ ನಗು. "ಆಯ್ತಮ್ಮ, ಬರಿ. ನನ್ನ ಫೋನು ಇವತ್ತು ಪುರಸಭೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿಸ್ತೀನಿ. ಆಮೇಲೆ ನಾನೇ ಬರೆದೆ ಅಂತ ಹೇಳಬೇಡ."

ಸಂಜೆ ಅಂಗಡಿಯ ಮುಂದೆ ನಲವತ್ತು ಜನಕ್ಕೆ ಕಡಿಮೆ ಇರಲಿಲ್ಲ. ಕಂಪ್ಯೂಟರನ್ನು ರಸ್ತೆಗೆ ತಿರುಗಿಸಿ ಇಟ್ಟೆ. ಮುರಿಗೆಪ್ಪನವರ ಹೆಸರು ಹಾಕಿದೆ. ಪಾಸ್‌ವರ್ಡು ಒತ್ತುವಾಗ ಊರಿಗೆ ಊರೇ ನನ್ನ ಜೊತೆ ಜೋರಾಗಿ ಹೇಳಿತು, ಊರಿನ ಹೆಸರು, ಒಂದು, ಎರಡು, ಮೂರು. ಮಗ್ಗಿ ಹೇಳಿದಂತೆ. ಪುಟ ತೆರೆಯಿತು. ಅಧ್ಯಕ್ಷರ ಫೋಟೋ ಮೇಲೆ ಬಂತು. ಯಾರೋ ಒಬ್ಬಳು "ಅಯ್ಯೋ" ಎಂದಳು. ನಾನು ಬರೆದೆ: 'ಹಾಲೇಶಪ್ಪ ಆ ಮಾತು ಬರೆದಿಲ್ಲ.' ಒತ್ತಿದೆ. ಎಲ್ಲರೂ ನೋಡಿದರು. ಅಧ್ಯಕ್ಷರೂ ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿದರು.

ಬೆಳಿಗ್ಗೆ ಅವರ ಮನೆಯ ಎತ್ತರದ ಗೋಡೆಯ ಮೇಲೆ, ಕಡತಗಳಿಗೆ ಸಹಿ ಹಾಕಿ ಹಾಕಿ ಪಳಗಿದ ಅವರದೇ ದುಂಡನೆಯ ಅಕ್ಷರದಲ್ಲಿ, ಆ ಮಾತು ಇತ್ತು.

ಇನ್ನೇನು, ಗೆದ್ದೆ ಅಂದುಕೊಂಡೆ. ಜನ ಬಂದು ಸೇರಿದರು. ಗೋಡೆ ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು. ಒಬ್ಬೊಬ್ಬರ ಮುಖವೂ ಬಿಳಿಚಿಕೊಳ್ಳುವುದನ್ನು ನಾನು ಕಂಡೆ. ಎಂಟು ಜನರನ್ನು ಕಳಿಸುವಾಗ ಗಡಿಕಲ್ಲಿನ ತನಕ ಹಿಂದೆ ಹೋಗಿ ಕೂಗಾಡಿದವರು ಇವರೇ. ಮುರಿಗೆಪ್ಪನವರು ಮೆಟ್ಟಿಲಿಳಿದು ಗೋಡೆಯ ಕೆಳಗೆ ನಿಂತರು. ಬಹಳ ಹೊತ್ತು ಓದಿದರು. ಆಮೇಲೆ ಜನರ ಕಡೆ ತಿರುಗಿ, ಗಟ್ಟಿಯಾಗಿ, ಪದ್ಧತಿ ಪ್ರಕಾರ ಹೇಳಿದರು:

"ಹಾಲೇಶಪ್ಪ ಆ ಮಾತು ಬರೆದಿಲ್ಲ. ಇದು ನನ್ನ ಮಾತು. ನಾನೇ ಬರೆದೆ."

"ನೀವು ಬರೆದ್ರಾ? ನಿಮ್ಮ ಫೋನು ಬೀರುವಿನಲ್ಲಿದೆ! ನಲವತ್ತು ಜನ ನೋಡಿದ್ದಾರೆ! ಕೊಟ್ರಕ್ಕ, ನೀನು ನೋಡಲಿಲ್ವಾ? ಹೇಳೇ!"

ಕೊಟ್ರಮ್ಮ ಸೆರಗಿನ ಅಂಚು ಸುತ್ತುತ್ತ, "ನನಗೆ ಕನ್ನಡಕ ಇರಲಿಲ್ಲ ಚಂಪಿ" ಅಂದಳು. ಉಳಿದವರು ಒಬ್ಬರ ಹಿಂದೆ ಒಬ್ಬರು, "ಹೌದು, ಅಧ್ಯಕ್ಷರೇ ಬರೆದದ್ದು", "ಗೋಡೆ ಮೇಲೇ ಇದೆಯಲ್ಲ", "ಗೋಡೆ ಸುಳ್ಳು ಹೇಳುತ್ತಾ?" ಎಂದರು. ನಿನ್ನೆ ನನ್ನ ಜೊತೆ ಪಾಸ್‌ವರ್ಡು ಕೂಗಿದ ಬಾಯಿಗಳೇ ಅವು. ಹಾಲೇಶಣ್ಣ ಉಳಿದ. ಅಧ್ಯಕ್ಷರ ಗೋಡೆ ಅವನನ್ನು ಉಳಿಸಿತು. ಅವನ ಗೋಡೆಯ ಮೇಲಿನ ಮಾತನ್ನು ಯಾರೂ ಕೇಳಲಿಲ್ಲ, ಮಧ್ಯಾಹ್ನದೊಳಗೆ ಯಾರೋ ಸುಣ್ಣ ಬಳಿದಿದ್ದರು. ಅವನು ನನ್ನ ಹತ್ತಿರ ಬಂದು, "ನನಗೆ ಮನೆ ಉಳೀತು ತಂಗಿ. ನಿನ್ನ ಮುಖ ಯಾಕೆ ಹಿಂಗೆ?" ಎಂದು ಕೇಳಿದ. ಒಬ್ಬ ಮನುಷ್ಯನನ್ನು ಉಳಿಸಿಕೊಂಡು ಸುಳ್ಳನ್ನು ಇನ್ನೂ ಭದ್ರ ಮಾಡಿದ್ದೆವು.

ಆದರೆ ಅಂಗಡಿಗೆ ಹೋದರೆ ಬಾಗಿಲಲ್ಲಿ ಸಾಲು! ಒಬ್ಬರ ಮುಖ ಒಬ್ಬರು ನೋಡದೆ ನಿಂತ ಸಾಲು. ಮೊದಲು ನಿಂತಿದ್ದವನು ಗೋಡೆ ಸುಳ್ಳು ಹೇಳುತ್ತಾ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು.

"ಚಂಪಕ್ಕ, ಪಾಸ್‌ವರ್ಡು ಸ್ವಲ್ಪ ಬೇರೆ ಮಾಡಿಕೊಡು" ಎಂದ ಪಿಸುಮಾತಿನಲ್ಲಿ.

"ಯಾಕೆ?"

"ಯಾಕೂ ಇಲ್ಲ. ಹಿಂಗೇ."

"ಹಿಂಗೇ ಅಂದರೆ ಮಾಡಲ್ಲ. ಯಾಕೆ ಅಂತ ಜೋರಾಗಿ ಹೇಳು, ಹಿಂದಿನವರಿಗೂ ಕೇಳಿಸೋ ಹಾಗೆ. ಮಾಡಿಕೊಡ್ತೀನಿ."

ಅವನು ಹೋದ. ಅವನ ಹಿಂದಿನವಳೂ ಹೋದಳು. ಹೇಗೆ ಬದಲಾಯಿಸುವುದೆಂದು ಊರಿನಲ್ಲಿ ನನಗೊಬ್ಬಳಿಗೇ ಗೊತ್ತು, ನಾನೇ ಎಲ್ಲರಿಗೂ ಅದರ ಅಗತ್ಯವಿಲ್ಲ ಎಂದು ಕಲಿಸಿದ್ದವಳು. ಕೊನೆಗೆ ಮುರಿಗೆಪ್ಪನವರೇ ಬಂದರು. ಫೋನು ಮೇಜಿನ ಮೇಲಿಟ್ಟರು. ನಾನು ಅದೇ ಕೇಳಿದೆ, "ಯಾಕೆ?"

ಅವರು ಕುಸಿದಂತೆ ಸ್ಟೂಲಿನ ಮೇಲೆ ಕೂತರು. "ಹೇಳಿದರೆ ಏನಾಗುತ್ತೆ ನಿನಗೆ ಗೊತ್ತು. ಎಂಟು ಜನ ಚಂಪಕ. ಅದರಲ್ಲಿ ಐದು ಜನಕ್ಕೆ ಓದು ಅಂತ ಹೇಳಿದವನು ನಾನು. ಇಲ್ಲ ಸ್ವಾಮಿ, ನಾನಲ್ಲ ಸ್ವಾಮಿ ಅಂದ್ರು. ಐದು ಜನಾನೂ."

"ಹೇಳಿ ಹಾಗಾದರೆ. ನಾನೂ ಮೇಷ್ಟ್ರಿಗೆ ಏನು ಬರೆದೆ ಅಂತ ಹೇಳ್ತೀನಿ. ಇಬ್ಬರೂ ಹೇಳೋಣ."

ಅವರು ಫೋನು ತೆಗೆದುಕೊಂಡು, ಪಾಸ್‌ವರ್ಡು ಬದಲಾಯಿಸಿಕೊಳ್ಳದೆ ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಅವರ ಗೋಡೆಯ ಮೇಲೆ ಎಂಟು ಹೆಸರುಗಳಿದ್ದವು. ಒಂದರ ಕೆಳಗೆ ಒಂದು, ಅವರ ದುಂಡನೆಯ ಅಕ್ಷರದಲ್ಲಿ. ಅದರ ಕೆಳಗೆ: 'ಇವರನ್ನು ವಾಪಸ್ಸು ಕರೆಸಿ. ಬರುವಾಗ ಅಧ್ಯಕ್ಷರೂ ಫೋನ್ ರಿಪೇರಿ ಚಂಪಕಳೂ ಗಡಿಕಲ್ಲಿನ ಹತ್ತಿರ ನಿಂತಿರಬೇಕು.'

ನಾನು ಬರೆದಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಆ ಸಂಜೆ ನಾನು ಕಂಪ್ಯೂಟರು ಮುಟ್ಟಿರಲಿಲ್ಲ. ನನ್ನ ಹೆಸರನ್ನು ಗೋಡೆಯ ಮೇಲೆ ಎರಡು ಸಲ ಓದಿದೆ. ಬರೆದದ್ದು ಆ ನಲವತ್ತು ಜನರಲ್ಲಿ ಯಾರೋ ಒಬ್ಬರು. ಗುಂಪಿನಲ್ಲಿ ಒಬ್ಬೊಬ್ಬರನ್ನೇ ನೋಡಿದೆ, ಎಲ್ಲರ ಮುಖವೂ ಒಂದೇ ಥರ ಮುಚ್ಚಿಕೊಂಡಿತ್ತು. ಮುರಿಗೆಪ್ಪನವರು ಹೊರಗೆ ಬಂದು ಗೋಡೆ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಿನ್ನೆ 'ನನ್ನ ಮಾತು' ಎಂದವರು ಇವತ್ತು 'ನನ್ನದಲ್ಲ' ಎಂದು ಹೇಗೆ ಹೇಳಿಯಾರು? ಜನ ಕಾಯುತ್ತಿದ್ದರು. ಅವರು ಎಂಟು ಹೆಸರನ್ನೂ ಓದಿದರು, ಮೇಷ್ಟ್ರ ಹೆಸರಿಗೆ ಬಂದಾಗ ಧ್ವನಿ ನಿಂತು ಮತ್ತೆ ಹೊರಟಿತು. "ಇದು ನನ್ನ ಮಾತು" ಅಂದರು.

ಅವತ್ತೇ ಪುರಸಭೆಯ ಜೀಪು ಗಡಿಕಲ್ಲು ದಾಟಿ ಹೋಯಿತು. ಹುಡುಕಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬೆಳಿಗ್ಗೆಯಿಂದ ಕಲ್ಲಿನ ಒಂದು ಕಡೆ ಅಧ್ಯಕ್ಷರು, ಒಂದು ಕಡೆ ನಾನು, ಹಿಂದೆ ಊರು. ಸುಣ್ಣ ಕಾಣದ ಆ ಕಲ್ಲನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಜೀಪು ಬಂತು. ಅದರಿಂದ ಮೂವರು ಇಳಿದರು. ಇಬ್ಬರು ತೀರಿಕೊಂಡಿದ್ದರು, ಇಬ್ಬರ ಸುಳಿವು ಸಿಕ್ಕಿರಲಿಲ್ಲ. ಇಳಿದವರು ಕಲ್ಲಿನ ಆಚೆಯೇ ನಿಂತು ನಮ್ಮನ್ನು ನೋಡಿದರು. ಮುರಿಗೆಪ್ಪನವರು ತಲೆಯ ಮೇಲಿನ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರನ್ನು ಬರಿತಲೆಯಲ್ಲಿ ನಾನು ಹಿಂದೆ ಎಂದೂ ನೋಡಿರಲಿಲ್ಲ.

"ಮೇಷ್ಟ್ರು?" ಎಂದೆ ಡ್ರೈವರಿಗೆ.

"ಸಿಕ್ಕಿದ್ರು ಅಕ್ಕ. ಎರಡು ಊರು ದಾಟಿ, ಹೊಳೆ ದಂಡೆಯ ಶಾಲೆಯಲ್ಲಿದ್ದಾರೆ. ಬರಲ್ಲ ಅಂದ್ರು."

"ಯಾಕಂತೆ?"

ಡ್ರೈವರು ಬಾಯಿಪಾಠ ಮಾಡಿಕೊಂಡು ಬಂದವನಂತೆ ಆಕಾಶ ನೋಡುತ್ತ ಹೇಳಿದ: "ಗೋಡೆ ಹೇಳ್ತು ಅಂತ ಓಡಿಸಿದ್ರಿ. ಗೋಡೆ ಹೇಳ್ತು ಅಂತ ಕರೀತೀರಿ. ಯಾರಾದ್ರೂ ಒಬ್ಬ ಮನುಷ್ಯ ಕರೆದ್ರೆ ನೋಡೋಣ ಅಂತ ಹೇಳು ಅಂದ್ರು."

ನಾನು ಹಿಂದೆ ನಿಂತವರ ಕಡೆ ತಿರುಗಿ ನೋಡಿದೆ. ಇವರಲ್ಲಿ ಯಾರೋ ಒಬ್ಬರು ಮೇಷ್ಟ್ರ ಹೆಸರಲ್ಲಿ ಬೆಂಕಿಯ ಮಾತು ಬರೆದಿದ್ದರು. ಯಾರೋ ಒಬ್ಬರು ಮೊನ್ನೆ ಎಂಟು ಹೆಸರು ಬರೆದಿದ್ದರು. ಇಬ್ಬರೂ ಒಬ್ಬರೇ ಇದ್ದರೂ ಇರಬಹುದು.

ಚಪ್ಪಲಿಯ ಉಂಗುಟ ಸರಿ ಮಾಡಿಕೊಂಡೆ. ಊರ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳಿಸುವಂತೆ, ಆರು ವರ್ಷದ ಹಿಂದೆ ನಾನು ಬರೆದ ಆ ಎರಡು ಸಾಲನ್ನು ಬಾಯಿಂದ ಹೇಳಿದೆ, ಅದನ್ನು ಬರೆದವಳು ನಾನು ಎಂದೆ, ಅದು ತಪ್ಪಾಗಿತ್ತು ಎಂದೆ. ಆಮೇಲೆ ಗಡಿಕಲ್ಲು ದಾಟಿ ಹೊಳೆಯ ಕಡೆ ನಡೆಯತೊಡಗಿದೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಒಬ್ಬರದೇ ಅಲ್ಲ.